ವಯಸ್ಸಾದ ಮೇಲೆ ದಿನಕ್ಕೆ ಅರ್ಧ ಗಂಟೆ: ನಿಜವಾಗಿ ಯಾರಿಗಾದರೂ ಬೇಕಾಗಿರೋ ಕೆಲಸ ಯಾವುದು?

ಸಂಜೆಬಿಸಿಲು (ಚರ್ಚೆ ಶುರು ಮಾಡಿದವರು)
ಎಲ್ಲರಿಗೂ ನಮಸ್ಕಾರ. ನಿವೃತ್ತರಾದವರಿಗೆ ಎಲ್ಲಾ ಕಡೆ ಸಿಗೋ ಸಲಹೆ ಒಂದೇ: "ಏನಾದ್ರೂ ಹವ್ಯಾಸ ಇಟ್ಕೊಳ್ಳಿ, ಸುಮ್ನೆ ಕೂರಬೇಡಿ." ಆದ್ರೆ ಹೊತ್ತು ಕಳೆಯೋದು ಬೇರೆ, ಆ ಹೊತ್ತಿಗೊಂದು ಅರ್ಥ ಇರೋದು ಬೇರೆ. ಪದಬಂಧ ತುಂಬಿಸಿದ್ರೆ ಹೊತ್ತು ಹೋಗುತ್ತೆ, ತುಂಬಿಸಿದ ಪದಬಂಧ ಯಾರಿಗೂ ಬೇಕಾಗಲ್ಲ. ನನ್ನ ಪ್ರಶ್ನೆ ಇರೋದು ಬೇಕಾಗೋ ಕೆಲಸದ ಬಗ್ಗೆ. ಎಪ್ಪತ್ತರ ಆಚೆಗೂ ದಿನಕ್ಕೆ ಅರ್ಧ ಗಂಟೆ, ಹೆಚ್ಚೆಂದ್ರೆ ಒಂದು ಗಂಟೆ ಕೂತು ಮಾಡಬಹುದಾದ, ಮಾಡದೇ ಇದ್ರೆ ಇನ್ನೊಬ್ಬರಿಗೆ ಕೊರತೆ ಆಗೋ ಕೆಲಸಗಳು ಯಾವುವು? ಮಂಡಿನೋವು, ಮಂದದೃಷ್ಟಿ, ಕೈ ಸ್ವಲ್ಪ ನಡುಗೋದು ಇವೆಲ್ಲ ಇದ್ದೇ ಇರುತ್ತೆ ಅಂತ ಇಟ್ಕೊಂಡು ಹೇಳಿ. "ಸಮಾಜಸೇವೆ ಮಾಡಿ" ಅನ್ನೋ ಥರದ ಉತ್ತರ ಬೇಡ. ಹೇಗೆ ಮಾಡೋದು, ಎಲ್ಲಿ ಕೈಕೊಡುತ್ತೆ, ಅದನ್ನ ಬಿಡಿಸಿ ಹೇಳಿ.

ಹಳೇಆಲ್ಬಮ್
ಹಳೇ ಫೋಟೋಗಳ ಹಿಂದೆ ಹೆಸರು ಬರೆಯೋದು. ಇದನ್ನೇ ಮೊದಲು ಹೇಳ್ತೀನಿ, ಯಾಕಂದ್ರೆ ಈ ಒಂದು ಕೆಲಸವನ್ನ ಚಿಕ್ಕವರು ಎಷ್ಟೇ ಚುರುಕಾಗಿದ್ರೂ ಮಾಡೋಕಾಗಲ್ಲ. ಮೂರನೇ ಸಾಲಿನಲ್ಲಿ ಅರ್ಧ ಮುಖ ಕಾಣೋ ಹುಡುಗಿ ಯಾರು ಅಂತ ಗೊತ್ತಿರೋದು ಮನೆಯಲ್ಲಿ ಒಬ್ಬರಿಗೋ ಇಬ್ಬರಿಗೋ. ಅವರ ಜೊತೆಗೇ ಆ ಹೆಸರೂ ಹೊರಟುಹೋಗುತ್ತೆ.

ಎಲ್ಲರೂ ಎಡವೋದು ಇಲ್ಲೇ: ಮೊದಲು ಸ್ಕ್ಯಾನ್ ಮಾಡೋಣ, ಆಮೇಲೆ ಹೆಸರು ಅಂತ ಹೊರಡ್ತಾರೆ. ಮುನ್ನೂರು ಫೋಟೋ ಸ್ಕ್ಯಾನ್ ಮಾಡೋಷ್ಟರಲ್ಲಿ ಬೇಜಾರು ಬಂದು ಡಬ್ಬ ಮುಚ್ಚಿಡ್ತಾರೆ. ಸ್ಕ್ಯಾನು ಹತ್ತು ವರ್ಷ ಬಿಟ್ಟು ಮೊಮ್ಮಕ್ಕಳೂ ಮಾಡಬಹುದು, ಹೆಸರು ಹಾಗಲ್ಲ. ಹೆಸರೇ ಮೊದಲು.

ಬಾಲ್‌ಪೆನ್ ಮುಟ್ಟಲೇಬೇಡಿ. ಒತ್ತಿ ಬರೆದ ಗೆರೆ ಮುಂಭಾಗದಲ್ಲಿ ಉಬ್ಬಿ ಕಾಣುತ್ತೆ, ಶಾಯಿ ಕೆಳಗಿನ ಫೋಟೋಗೂ ಅಂಟುತ್ತೆ. ಮೆತ್ತನೆ ಪೆನ್ಸಿಲ್ (4ಬಿ ಆದ್ರೆ ಒಳ್ಳೇದು) ತಗೊಂಡು, ಗಟ್ಟಿ ಸಮತಟ್ಟು ಜಾಗದಲ್ಲಿ ಫೋಟೋ ಬೋರಲು ಇಟ್ಟು, ಮುಖಗಳ ಹಿಂದೆ ಬರದ ಹಾಗೆ ಅಂಚಿನಲ್ಲಿ ಹಗುರವಾಗಿ ಬರೀರಿ. ಹಿಂಭಾಗ ನುಣುಪಾಗಿ ಪ್ಲಾಸ್ಟಿಕ್ ಥರ ಇದ್ರೆ ಪೆನ್ಸಿಲ್ ಹತ್ತಲ್ಲ. ಅಂಥದಕ್ಕೆ ಫೋಟೋ ಮೇಲೆ ಬರೆಯೋಕಂತಲೇ ಬರೋ ಸಣ್ಣ ಮೊನೆಯ ಪೆನ್ನು ಬಳಸಿ, ಪೂರ್ತಿ ಒಣಗಿದ ಮೇಲೇ ಒಂದರ ಮೇಲೊಂದು ಜೋಡಿಸಿ. ಅದೂ ಇಲ್ಲ ಅಂದ್ರೆ ಒಂದೊಂದನ್ನೂ ಕಾಗದದ ಕವರಿಗೆ ಹಾಕಿ ಕವರಿನ ಮೇಲೆ ಬರೀರಿ (ಫೋಟೋ ಒಳಗೆ ಹಾಕೋ *ಮೊದಲು*).

ಇನ್ನೊಂದು ಮುಖ್ಯ ವಿಷಯ. "ಅಜ್ಜಿ", "ಚಿಕ್ಕಪ್ಪ" ಅಂತ ಬರೆಯಬೇಡಿ. ಯಾರ ಅಜ್ಜಿ? ಇಪ್ಪತ್ತು ವರ್ಷದ ನಂತರ ಓದೋರಿಗೆ ಆ ಚಿಕ್ಕಪ್ಪ ಮುತ್ತಜ್ಜ ಆಗಿರ್ತಾರೆ. ಪೂರ್ತಿ ಹೆಸರು, ಇಂಥವರ ಮಗಳು, ಇಂಥವರ ಹೆಂಡತಿ. ಹಿಂದಿನ ಸಾಲು ಎಡದಿಂದ ಬಲಕ್ಕೆ, ಆಮೇಲೆ ಮುಂದಿನ ಸಾಲು. ಅನುಮಾನ ಇದ್ರೆ ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ. ಇಸವಿ ಸರಿಯಾಗಿ ನೆನಪಿಲ್ಲದಿದ್ರೆ "1962-65ರ ಒಳಗೆ" ಅಂದ್ರೂ ಸಾಕು. ಒಂದು ಸಲಕ್ಕೆ ಇಪ್ಪತ್ತು ಫೋಟೋ, ಅದಕ್ಕಿಂತ ಹೆಚ್ಚು ಬೇಡ.

ಕೈಗನ್ನಡಿ
ನೂರಕ್ಕೆ ನೂರು. ಪ್ರಶ್ನೆ ಚಿಹ್ನೆ ಮಾತು ಬಂಗಾರದಂಥದ್ದು.

ತೇಜಿಮಂದಿ
@ಹಳೇಆಲ್ಬಮ್, ಅಂಟು ಪುಟದ ಆಲ್ಬಮ್‌ಗಳಿಗೆ ಏನ್ಮಾಡೋದು ಸರ್? ಮೇಲೆ ಪ್ಲಾಸ್ಟಿಕ್ ಹಾಳೆ, ಕೆಳಗೆ ಗೀರುಗೀರಾಗಿ ಅಂಟು ಇರೋ ಥರದ್ದು. ಫೋಟೋ ಕಿತ್ತರೆ ಹರಿಯುತ್ತೆ.

ಹಳೇಆಲ್ಬಮ್
ಕೀಳಬೇಡಿ. ಹಲ್ಲು ಸಂದಿ ಸ್ವಚ್ಛ ಮಾಡೋ ದಾರ ಇರುತ್ತಲ್ಲ, ಮೇಣ ಸವರಿಲ್ಲದ್ದು, ಅದನ್ನ ಎರಡೂ ಕೈಯಲ್ಲಿ ಬಿಗಿಹಿಡಿದು ಫೋಟೋ ಒಂದು ಮೂಲೆಯಿಂದ ಅಡಿಗೆ ತೂರಿಸಿ, ಗರಗಸದ ಥರ ನಿಧಾನಕ್ಕೆ ಹಿಂದೆ ಮುಂದೆ ಎಳೀತಾ ಹೋಗಿ. ಎದ್ದು ಬಂದದ್ದನ್ನ ಸುರುಳಿ ಸುತ್ತೋಕೆ ಬಿಡಬೇಡಿ, ಮೇಲ್ಪದರ ಬಿರುಕು ಬಿಡುತ್ತೆ. ಜಗ್ಗಲ್ಲ ಅಂದ್ರೆ ಅಲ್ಲಿಗೇ ನಿಲ್ಲಿಸಿ, ಪುಟದ ಸಮೇತ ಮೊಬೈಲಲ್ಲಿ ಫೋಟೋ ತೆಗೆದು ಹೆಸರನ್ನ ಬೇರೆ ಹಾಳೆ ಮೇಲೆ ಬರೆದಿಡಿ. ಕೈ ನಡುಗೋರು ಈ ದಾರದ ಕೆಲಸವನ್ನ ಇನ್ನೊಬ್ಬರಿಗೆ ಕೊಟ್ಟು ತಾವು ಹೆಸರು ಹೇಳೋದೇ ಒಳ್ಳೇದು. ಅವರು ಬಿಡಿಸ್ತಿರುವಾಗ ಇವರು ಹೇಳೋದನ್ನ ಮೊಬೈಲ್ ರೆಕಾರ್ಡರಿನಲ್ಲಿ ಹಿಡಿದಿಟ್ರೆ ಧ್ವನಿಯೂ ಉಳಿಯುತ್ತೆ.

ನಿಧಾನಿ
ಒಂದು ತಕರಾರಿದೆ. ವಯಸ್ಸಾದ ಮೇಲೂ ಯಾಕೆ ಉಪಯೋಗಕ್ಕೆ ಬರಬೇಕು? ನಲವತ್ತು ವರ್ಷ ದುಡಿದಿದ್ದಾರೆ, ಇನ್ನಾದ್ರೂ ಸುಮ್ನೆ ಇರೋಕೆ ಬಿಡಿ. "ಉಪಯೋಗ ಇದ್ರೆ ಮಾತ್ರ ಬೆಲೆ" ಅಂತಾದ್ರೆ ಹಾಸಿಗೆ ಹಿಡಿದವರ ಗತಿ ಏನು? ಈ ಚರ್ಚೆಯ ಬುಡದಲ್ಲೇ ತಪ್ಪಿದೆ ಅನ್ಸುತ್ತೆ.

ಹಗೇವು
ತಪ್ಪು ಏನಿಲ್ರೀ. ಬೆಲೆ ಐತೋ ಇಲ್ಲೋ ಅನ್ನೂದು ಪ್ರಶ್ನೇನ ಅಲ್ಲ ಇಲ್ಲಿ. ಕೆಲಸ ಮಾಡಿದ್ರಷ್ಟ ಮನಷ್ಯಾ ಅಂತ ಯಾರೂ ಅಂದಿಲ್ಲ. ಕೈಯಾಗಿಂದ ಎಲ್ಲಾ ಕಸ್ಗೊಂಡು "ನೀವು ಆರಾಮ ಕೂಡ್ರಿ" ಅಂತಾರಲ್ಲ, ಅದು ಬಾಧಿ ಕೊಡತೈತಿ. ಆರಾಮ ಕೂಡೂದು ತಾನಾಗೇ ಆರಿಸ್ಕೊಂಡ್ರ ಆರಾಮ, ಮಂದಿ ಕೂಡಿಸಿದ್ರ ಶಿಕ್ಷಾ.

ಓದುಬೆಂಚು
ಹಗೇವು ಹೇಳಿದ್ದಕ್ಕೆ ಒಂದು ಹಳೇ ಪ್ರಯೋಗ ಹೊಂದುತ್ತೆ. 1976ರಲ್ಲಿ ಎಲೆನ್ ಲ್ಯಾಂಗರ್, ಜುಡಿತ್ ರೋಡಿನ್ ಅನ್ನೋ ಇಬ್ಬರು ಮನೋವಿಜ್ಞಾನಿಗಳು ಅಮೆರಿಕದ ಕನೆಕ್ಟಿಕಟ್‌ನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ನಡೆಸಿದ್ದು. ಎರಡೂ ಗುಂಪಿಗೆ ಒಂದೊಂದು ಗಿಡ ಕೊಟ್ಟರು. ಒಂದು ಗುಂಪಿಗೆ "ನಿಮಗೆ ಬೇಕಾದ ಗಿಡ ಆರಿಸ್ಕೊಳ್ಳಿ, ನೋಡ್ಕೊಳ್ಳೋದು ನಿಮ್ಮ ಜವಾಬ್ದಾರಿ" ಅಂದರು. ಇನ್ನೊಂದಕ್ಕೆ "ನರ್ಸ್‌ಗಳೇ ನೀರು ಹಾಕ್ತಾರೆ, ನಿಮಗೆ ಚಿಂತೆ ಬೇಡ" ಅಂದರು. ಗಿಡದ ಜೊತೆಗೆ ಸಣ್ಣಪುಟ್ಟ ತೀರ್ಮಾನಗಳನ್ನೂ ಮೊದಲನೇ ಗುಂಪಿಗೇ ಬಿಟ್ಟಿದ್ದರು. ಮೂರು ವಾರದಲ್ಲಿ ಆ ಗುಂಪಿನವರ ಚುರುಕು, ಲವಲವಿಕೆ ಎರಡೂ ಹೆಚ್ಚಿತ್ತು. ಸೌಲಭ್ಯ ಇಬ್ಬರಿಗೂ ಅದೇ. ನೀರು ಹಾಕೋ ಕೈ ಯಾರದು, ತೀರ್ಮಾನ ಯಾರದು ಅನ್ನೋದಷ್ಟೇ ಬೇರೆ.

ಕಟ್ಟುನಿಟ್ಟು
ಆ ಪ್ರಯೋಗ ಹೇಳುವಾಗ ಒಂದು ಎಚ್ಚರಿಕೆ ಇರಲಿ. ಅದರ ಮುಂದುವರಿಕೆ 1977ರಲ್ಲಿ ಬಂತು, "ಜವಾಬ್ದಾರಿ ಇದ್ದವರು ಹೆಚ್ಚು ಕಾಲ ಬದುಕಿದರು" ಅಂತ ಜನ ಹೇಳ್ತಿರೋದು ಅದರಿಂದ. ಆದ್ರೆ ಅದರ ಅಂಕಿಅಂಶದ ಲೆಕ್ಕಕ್ಕೆ ಲೇಖಕರೇ ಆಮೇಲೆ ತಿದ್ದುಪಡಿ ಪ್ರಕಟಿಸಿದ್ದಾರೆ, ಸಾವಿನ ಬಗೆಗಿನ ತೀರ್ಮಾನ ಮೊದಲು ಹೇಳಿದಷ್ಟು ಗಟ್ಟಿ ಅಲ್ಲ. ಪ್ರಯೋಗದಲ್ಲಿದ್ದ ಜನರೂ ನೂರರ ಒಳಗೇ. ಲವಲವಿಕೆ ಮಾತಿಗೆ ಬಳಸಿ, ಆಯಸ್ಸಿನ ಮಾತಿಗೆ ಬೇಡ.

ಓದುಬೆಂಚು
ಒಪ್ಪಿದೆ. ಅದಕ್ಕೇ ಆಯಸ್ಸಿನ ಮಾತು ಎತ್ತಲಿಲ್ಲ.

ನಿಧಾನಿ
ಆರಿಸ್ಕೊಂಡ ಆರಾಮ, ಕೂಡಿಸಿದ ಆರಾಮ, ಈ ವ್ಯತ್ಯಾಸ ಒಪ್ತೀನಿ. ಮುಂದುವರಿಸಿ.

ಅಕ್ಷರಗಾವಲು
ಮನೆಯಲ್ಲೇ ಕೂತು ಮಾಡೋದಕ್ಕೆ ವಿಕಿಸೋರ್ಸ್ (ಅಂತರ್ಜಾಲದಲ್ಲಿರೋ ಮುಕ್ತ ಪುಸ್ತಕಭಂಡಾರ) ಕರಡು ತಿದ್ದೋ ಕೆಲಸ ಹೇಳಿ ಮಾಡಿಸಿದ ಹಾಗಿದೆ. ಹಕ್ಕುಸ್ವಾಮ್ಯ ಮುಗಿದ, ಇಲ್ಲವೇ ಮುಕ್ತವಾಗಿ ಬಿಟ್ಟುಕೊಟ್ಟ ಪುಸ್ತಕಗಳ ಪುಟದ ಚಿತ್ರ ಒಂದು ಕಡೆ, ಯಂತ್ರ ಓದಿದ ಪಠ್ಯ ಇನ್ನೊಂದು ಕಡೆ ಇರುತ್ತೆ. ಎರಡನ್ನೂ ಹೋಲಿಸಿ ತಪ್ಪು ತಿದ್ದೋದು. ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದ ಮೇಲೆ ಹಳದಿ, *ಬೇರೆಯೊಬ್ಬರು* ಮತ್ತೆ ನೋಡಿದ ಮೇಲೆ ಹಸಿರು. ಒಬ್ಬರೇ ಎರಡೂ ಹಂತ ಮಾಡೋ ಹಾಗಿಲ್ಲ. ಅದಕ್ಕೇ ನೀವು ಬಿಟ್ಟರೆ ಇನ್ಯಾರೋ ಕಾಯ್ತಾ ಕೂರ್ತಾರೆ. ಸಂಜೆಬಿಸಿಲು ಕೇಳಿದ "ಮಾಡದಿದ್ರೆ ಕೊರತೆ" ಅಂದ್ರೆ ಇದೇ.

ಕನ್ನಡದಲ್ಲಿ ಯಂತ್ರ ಎಲ್ಲಿ ಎಡವುತ್ತೆ ಅಂತ ತಿಳಿದಿದ್ರೆ ಅರ್ಧ ಕೆಲಸ ಮುಗೀತು. ಅನುಸ್ವಾರದ (ಂ) ಜಾಗದಲ್ಲಿ ಅಂಕಿಯ ಸೊನ್ನೆ (೦) ಕೂತಿರುತ್ತೆ. ಕಣ್ಣಿಗೆ ಎರಡೂ ಒಂದೇ, ಹುಡುಕುವಾಗ ಪದವೇ ಸಿಗಲ್ಲ. ದ-ಧ-ಥ ಅದಲುಬದಲು, ಪ-ವ-ಷ ಅದಲುಬದಲು, ಒತ್ತಕ್ಷರ ಕಳಚಿ ಕೆಳಗಿನ ಸಾಲಿಗೆ ಬಿದ್ದಿರುತ್ತೆ, ಅರ್ಕಾವತ್ತು ಮಾಯ. ಹಳೇ ಅಚ್ಚಿನಲ್ಲಿ ಮಹಾಪ್ರಾಣದ ಸೀಳು ಮಸಿಯಲ್ಲಿ ಮುಚ್ಚಿಹೋಗಿರುತ್ತೆ. ಅಂಥ ಕಡೆ ಯಂತ್ರವನ್ನೂ ನಂಬಬೇಡಿ, ನಿಮ್ಮ ಕಣ್ಣನ್ನೂ ನಂಬಬೇಡಿ, ವಾಕ್ಯ ಓದಿ ನಿರ್ಧರಿಸಿ. ಹಳಗನ್ನಡ, ನಡುಗನ್ನಡದ ಪದಗಳ ಪರಿಚಯ ಇರೋ ಹಿರಿಯರು ಇದಕ್ಕೆ ಇಪ್ಪತ್ತೈದರ ಹುಡುಗರಿಗಿಂತ ಎಷ್ಟೋ ಮೇಲು.

ಹೊಸಬರು ಮಾಡೋ ಒಂದೇ ದೊಡ್ಡ ತಪ್ಪು: ಲೇಖಕರ ಕಾಗುಣಿತ ತಿದ್ದೋದು. "ಈಗ ಹೀಗೆ ಬರೆಯಲ್ಲ" ಅಂತ ಹಳೇ ರೂಪ ಬದಲಾಯಿಸಬೇಡಿ. ಅಚ್ಚಿನಲ್ಲಿ ಇದ್ದದ್ದು ಇದ್ದ ಹಾಗೇ ಇರಬೇಕು.

ತೇಜಿಮಂದಿ
ಮಂದದೃಷ್ಟಿ ಇರೋರಿಗೆ ಇದು ಕಷ್ಟ ಅಲ್ವಾ ಮೇಡಂ?

ಅಕ್ಷರಗಾವಲು
ಪುಟದ ಚಿತ್ರವನ್ನ ದೊಡ್ಡದು ಮಾಡ್ಕೊಳ್ಳೋಕೆ ಬರುತ್ತೆ, ಅಚ್ಚಿನ ಪುಸ್ತಕಕ್ಕಿಂತ ಸಲೀಸು. ದಿನಕ್ಕೆ ಎರಡು ಪುಟ ಸಾಕು. ಇಪ್ಪತ್ತು ನಿಮಿಷಕ್ಕೊಮ್ಮೆ ದೂರದ ಯಾವುದಾದ್ರೂ ವಸ್ತು ಕಡೆ ಕಣ್ಣು ಹಾಯಿಸಿ. ಪೊರೆ ಬಂದಿದ್ರೆ ಮೊದಲು ವೈದ್ಯರ ಹತ್ತಿರ.

ಸೂಜಿದಾರ
ಕಣ್ಣಿನ ಮಾತು ಬಂತಲ್ಲ, ಬೆಳಕಿನದನ್ನೂ ಸೇರಿಸ್ತೀನಿ. ಇಪ್ಪತ್ತರ ಕಣ್ಣಿಗೆ ಹೋಲಿಸಿದ್ರೆ ಅರವತ್ತರ ಕಣ್ಣಿನ ಒಳಪರದೆಗೆ ತಲುಪೋ ಬೆಳಕು ಸುಮಾರು ಮೂರರಲ್ಲಿ ಒಂದು ಪಾಲು. ಪಾಪೆ ಕಿರಿದಾಗುತ್ತೆ, ಮಸೂರ ಹಳದಿಗೆ ತಿರುಗುತ್ತೆ. ಎಷ್ಟೋ ಜನ "ಕೈ ಓಡ್ತಿಲ್ಲ" ಅಂತ ಸೂಜಿ ಕೆಳಗಿಡ್ತಾರೆ, ನಿಜವಾಗಿ ಸಾಲದಾಗಿರೋದು ದೀಪ. ಬಲಗೈಯವರಿಗೆ ಎಡಭುಜದ ಹಿಂದಿನಿಂದ ಬೆಳಕು ಬೀಳಬೇಕು, ಆಗ ಕೈ ನೆರಳು ಕೆಲಸದ ಮೇಲೆ ಬೀಳಲ್ಲ.

ನನ್ನ ಉತ್ತರ ಗುಂಡಿ ಹೊಲಿಯೋದು. ನಗಬೇಡಿ, ಗುಂಡಿ ಕಿತ್ತ ಒಂದೇ ಕಾರಣಕ್ಕೆ ಒಳ್ಳೇ ಅಂಗಿಗಳು ಬೀರುವಿನ ಮೂಲೆ ಸೇರ್ತವೆ. ಒಂದು ಕಟ್ಟಡದಲ್ಲಿ ಮೂವತ್ತು ಮನೆ ಇದ್ರೆ, ಒಬ್ಬರು ವಾರಕ್ಕೆ ಐದು ಬಟ್ಟೆ ಸರಿಮಾಡಿ ಕೊಟ್ರೆ ಎಷ್ಟು ಮನೆಗೆ ಅನುಕೂಲ!

ಮಾಡೋ ರೀತಿ: ದಾರ ಜೋಡಿ ಮಾಡಿದ ಮೇಲೆ ಸುಮಾರು 45 ಸೆಂ.ಮೀ. ಇರಲಿ, ಉದ್ದ ಆದಷ್ಟೂ ಸಿಕ್ಕು. ಗುಂಡಿ ಕೂರೋ ಜಾಗದಲ್ಲೇ, ಬಟ್ಟೆಯ ಮೇಲುಗಡೆಯಿಂದ ಶುರು ಮಾಡಿ, ಗಂಟು ಗುಂಡಿ ಅಡಿಗೆ ಅಡಗುತ್ತೆ. ಗುಂಡಿ ಮೇಲೆ ಒಂದು ಬೆಂಕಿಕಡ್ಡಿ ಇಟ್ಟು ಅದರ ಮೇಲಿಂದ ಹೊಲೀರಿ, ಒಂದೊಂದು ಜೋಡಿ ತೂತಿಗೆ ಮೂರು ನಾಲ್ಕು ಸುತ್ತು. ಆಮೇಲೆ ಕಡ್ಡಿ ಎಳೆದುಬಿಡಿ, ಗುಂಡಿ ಮೇಲಕ್ಕೆತ್ತಿ, ಸಡಿಲಾದ ದಾರದ ಸುತ್ತ ಅದೇ ದಾರವನ್ನ ಐದಾರು ಸಲ ಸುತ್ತಿ ಒಂದು ಸಣ್ಣ ಕಾಂಡ ಮಾಡಿ, ಬಟ್ಟೆ ಹಿಂಭಾಗಕ್ಕೆ ತಂದು ಎರಡು ಗಂಟು. ಗುಂಡಿ ಮತ್ತೆ ಮತ್ತೆ ಕಿತ್ತು ಬರೋದು ಈ ಕಾಂಡ ಇಲ್ಲದೇ ಚಪ್ಪಟೆ ಹೊಲಿದಾಗ. ಗುಂಡಿ ಹಾಕಿದಾಗ ಕಾಜಾದ ದಪ್ಪಕ್ಕೆ ಜಾಗ ಇಲ್ಲದೇ ದಾರ ಸವೆಯುತ್ತೆ. ಬಟ್ಟೆಯೇ ಹರಿದಿದ್ರೆ ಒಳಗಡೆ ಒಂದು ಪುಟ್ಟ ಗುಂಡಿ ಒತ್ತು ಕೊಟ್ಟು ಎರಡನ್ನೂ ಸೇರಿಸಿ ಹೊಲೀರಿ.

ಸೂಜಿಗೆ ದಾರ ಪೋಣಿಸೋದೇ ಕಷ್ಟ ಅನ್ನೋರು ದಾರದ ತುದಿ ಓರೆಯಾಗಿ ಕತ್ತರಿಸಿ, ಬೆರಳ ತುದಿಯಲ್ಲಿ ಮೊನೆ ಮಾತ್ರ ಕಾಣೋ ಹಾಗೆ ಹಿಡಿದು, *ಸೂಜಿಯನ್ನ* ದಾರದ ಹತ್ತಿರ ತನ್ನಿ. ಹಿಂದೆ ಬಿಳಿ ಕಾಗದ ಇರಲಿ. ಹೋಗಲಿಲ್ಲ ಅಂದ್ರೆ ಸೂಜಿ ತಿರುಗಿಸಿ, ಕಣ್ಣಿನ ಒಂದು ಮಗ್ಗುಲು ಇನ್ನೊಂದಕ್ಕಿಂತ ನುಣುಪಾಗಿರೋದುಂಟು.

ಕೈಗನ್ನಡಿ
ಬೆಂಕಿಕಡ್ಡಿ ಉಪಾಯ ಇವತ್ತೇ ಮಾಡಿ ನೋಡ್ತೀನಿ ಅಕ್ಕ.

ಹಗೇವು
ಸೂಜಿದಾರ ಅಕ್ಕಾರ ಒಂದು ಮಾತು ಹೇಳ್ಲಿಲ್ಲ, ನಾ ಹೇಳ್ತೀನ್ರಿ. ಮಿತಿ ಬರದ ಹಚ್ಚಬೇಕು. "ವಾರಕ್ಕ ಐದ ಬಟ್ಟೆ, ಸೋಮವಾರ ಕೊಟ್ರ ಗುರುವಾರ ವಾಪಸ್." ಹಂಗ ಹಚ್ಚಲಿಲ್ಲಂದ್ರ ಒಂದ ತಿಂಗಳದಾಗ ಮೂಟಿ ಬರ್ತಾವು, ಇಲ್ಲಾ ಅನ್ನಾಕ ನಾಚಿಕಿ, ಕಡೀಕ ಎಲ್ಲಾನೂ ಬಂದ್. ಸಣ್ಣ ಕೆಲಸ ಸಾಯೂದು ಸಣ್ಣದು ಅಂತಲ್ಲ, ದೊಡ್ಡದಾಗಿ ಸಾಯ್ತಾವು.

ಇನ್ನೊಂದು. ಒಬ್ಬರ ಹೊಟ್ಟಿಪಾಡಿನ ಕೆಲಸ ಪುಕ್ಕಟೆ ಮಾಡಿ ಕಸೀಬಾರ್ದು. ಹತ್ತಿರದಾಗ ಹೊಲಿಗಿ ಮಾಡಿ ಬದುಕೂ ಮನಷ್ಯಾ ಇದ್ರ, ಅವರು "ಇಷ್ಟ ಸಣ್ಣದು ಬ್ಯಾಡ" ಅಂತ ಬಿಡೂ ಕೆಲಸ ಅಷ್ಟ ತಗೋರಿ.

ಸೂಜಿದಾರ
ಎರಡೂ ಮಾತು ಸರಿ, ಅದರಲ್ಲೂ ಎರಡನೇದು.

ಕಟ್ಟುನಿಟ್ಟು
ಮನುಷ್ಯನ ಬದುಕನ್ನ ಎಂಟು ಹಂತವಾಗಿ ವಿಂಗಡಿಸಿದ ಮನೋವಿಜ್ಞಾನಿ ಎರಿಕ್ ಎರಿಕ್‌ಸನ್, ಹೀಗೆ ಇನ್ನೊಬ್ಬರಿಗಾಗಿ ಮಾಡೋದನ್ನೆಲ್ಲ ಬದುಕಿನ ಕೊನೇ ಹಂತ ಅಂದಿದ್ದಾರೆ ಅಂತ ಯಾರಾದ್ರೂ ಬರೆಯೋ ಮೊದಲೇ ಹೇಳಿಬಿಡ್ತೀನಿ. ಮುಂದಿನವರಿಗಾಗಿ ಏನಾದ್ರೂ ಬೆಳೆಸೋದು ಆ ಎಂಟರಲ್ಲಿ ಏಳನೇದು, ನಡುವಯಸ್ಸಿನದು. ಎಂಟನೇದು ಬದುಕನ್ನ ಹಿಂತಿರುಗಿ ನೋಡಿ ಒಪ್ಪಿಕೊಳ್ಳೋದು. ವಯಸ್ಸಾದವರು ಒಪ್ಪಿಕೊಂಡು ಕೂತರೆ ಸಾಕು, ಬೆಳೆಸೋದು ಮುಗೀತು ಅಂತ ಇದನ್ನ ಓದೋದೂ ತಪ್ಪು. ವೃದ್ಧಾಪ್ಯದಲ್ಲೂ ತೊಡಗಿಕೊಂಡಿರಬೇಕು ಅಂತಲೇ ಅವರೂ ಆಮೇಲೆ ಬರೆದದ್ದು.

ನಿಧಾನಿ
ಮಕ್ಕಳ ಜೊತೆಗಿನ ಕೆಲಸ ಯಾರೂ ಹೇಳಲಿಲ್ಲ?

ಓದುಬೆಂಚು
ಅದಕ್ಕೇ ಬಂದೆ. ಓದು ಕಲೀತಿರೋ ಮಗುವಿನ ಪಕ್ಕ ಕೂತು ಅದು ಓದೋದನ್ನ ಕೇಳೋದು. ಕಲಿಸೋದಲ್ಲ, *ಕೇಳೋದು*. ತರಗತಿಯಲ್ಲಿ ಒಬ್ಬೊಬ್ಬ ಮಗು ಗಟ್ಟಿಯಾಗಿ ಓದೋಕೆ ಸಿಗೋ ಸಮಯ ಬಹಳ ಕಡಿಮೆ. ಹದಿನೈದು ನಿಮಿಷ, ವಾರಕ್ಕೆ ಮೂರು ದಿನ, ಅದೇ ದಿನ, ಅದೇ ಹೊತ್ತು.

ಮಗು ಒಂದು ಪದದ ಹತ್ತಿರ ನಿಂತರೆ ನಾವು ತಕ್ಷಣ ಬಾಯಿಹಾಕ್ತೀವಿ. ಅಲ್ಲೇ ಕೆಡೋದು. ಮನಸ್ಸಿನಲ್ಲಿ ಐದು ಎಣಿಸಿ. ತಪ್ಪು ಓದಿದ್ರೂ ವಾಕ್ಯ ಮುಗಿಯೋವರೆಗೆ ಬಿಡಿ, ಎಷ್ಟೋ ಸಲ ಅರ್ಥ ಕೂಡದೇ ಹೋದಾಗ ಮಗುವೇ ಹಿಂದಕ್ಕೆ ಬಂದು ತಿದ್ಕೊಳ್ಳುತ್ತೆ. ತಾನಾಗಿ ತಿದ್ಕೊಂಡ ಪದ ಮರೆಯಲ್ಲ. ತಿದ್ಕೊಳ್ಳದಿದ್ರೆ ಒಂದು ಸುಳಿವು. ಓದಿದ ಪದ ಅರ್ಥಕ್ಕೆ ಹೊಂದದಿದ್ರೆ ಅರ್ಥದ ಸುಳಿವು ("ಹುಡುಗ ಮರ ಹತ್ತಿ ಏನ್ಮಾಡಿರಬಹುದು?"), ಅರ್ಥಕ್ಕೆ ಹೊಂದಿದ್ರೂ ಅಕ್ಷರ ತಪ್ಪಿದ್ರೆ ಅಕ್ಷರದ ಸುಳಿವು ("ಇಲ್ಲಿ ಒತ್ತು ಯಾವುದು ನೋಡು"). ಎರಡು ಸುಳಿವಿಗೂ ಬರದಿದ್ರೆ ಹೇಳಿಕೊಟ್ಟು ಮುಂದೆ ಹೋಗಿ. ಹೊಗಳುವಾಗ "ಜಾಣ" ಅನ್ನಬೇಡಿ, "ನೀನೇ ಹಿಂದೆ ಹೋಗಿ ಸರಿಮಾಡ್ಕೊಂಡೆ ನೋಡು" ಅಂತ ಮಾಡಿದ್ದನ್ನೇ ಹೆಸರಿಸಿ ಹೇಳಿ. ಪುಟಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಪದಗಳಲ್ಲಿ ನಿಂತರೆ ಆ ಪುಸ್ತಕ ಆ ಮಗುವಿಗೆ ಈಗ ಭಾರ, ಬೇರೆ ತಗೊಳ್ಳಿ.

ಶಾಲೆಯಲ್ಲೋ ಗ್ರಂಥಾಲಯದಲ್ಲೋ ಹೋಗಿ ಮಾಡೋದಾದ್ರೆ ಬಾಗಿಲು ತೆರೆದಿರೋ ಜಾಗದಲ್ಲಿ, ಇನ್ನೊಬ್ಬ ದೊಡ್ಡವರ ಕಣ್ಣಳತೆಯಲ್ಲಿ ಕೂರಿ. ಇದು ಮಗುವಿನ ಸುರಕ್ಷತೆಗೂ ಬೇಕು, ನಿಮಗೂ ಬೇಕು. ಕಿವಿ ಮಂದ ಇದ್ರೆ ಚೆನ್ನಾಗಿ ಕೇಳೋ ಕಿವಿ ಕಡೆ ಮಗುವನ್ನ ಕೂರಿಸಿ.

ತೇಜಿಮಂದಿ
ಐದು ಎಣಿಸೋದು ಓದೋಕೆ ಸುಲಭ, ಕೂತಾಗ ಗೊತ್ತಾಗುತ್ತೆ ಎಷ್ಟು ದೀರ್ಘ ಅಂತ!

ಮಳೆಲೆಕ್ಕ
ಮಳೆ ಅಳೆಯೋದನ್ನ ಯಾಕೆ ಯಾರೂ ಹೇಳ್ತಿಲ್ಲ ಮಾರಾಯ್ರೇ? ದಿನಕ್ಕೆ ಐದು ನಿಮಿಷ. 1997ರಲ್ಲಿ ಅಮೆರಿಕದ ಫೋರ್ಟ್ ಕಾಲಿನ್ಸ್‌ನಲ್ಲಿ ಭಾರೀ ನೆರೆ ಬಂತು. ಒಂದೇ ಊರಲ್ಲಿ ಒಂದು ಕಡೆ ಸುರಿದದ್ದಕ್ಕೂ ಇನ್ನೊಂದು ಕಡೆ ಸುರಿದದ್ದಕ್ಕೂ ಅಜಗಜಾಂತರ, ಅಳೆಯೋರು ಮಾತ್ರ ಸಾಕಷ್ಟು ಇರಲಿಲ್ಲ. ಮಾರನೇ ವರ್ಷ, 1998ರಲ್ಲಿ, ಮನೆಮನೆಯಲ್ಲಿ ಅಳೆಯೋ ಸ್ವಯಂಸೇವಕರ ಜಾಲ ಅಲ್ಲೇ ಶುರುವಾಯ್ತು. ಉಪಗ್ರಹ, ರಾಡಾರ್ ಎಲ್ಲ ಇದ್ರೂ ನೆಲಕ್ಕೆ ನಿಜವಾಗಿ ಎಷ್ಟು ಬಿತ್ತು ಅಂತ ಹೇಳೋಕೆ ಮಾಪಕ ಬೇಕೇ ಬೇಕು.

ಕೊಂಡ ಮಾಪಕ ಇಲ್ಲದಿದ್ರೆ ಲಾಳಿಕೆ, ಬಾಟಲಿ, ಅಳತೆ ಜಾಡಿ ಸಾಕು. ಜಾಡಿಯ ಮಿಲಿಲೀಟರನ್ನ ಲಾಳಿಕೆ ಬಾಯಿಯ ವಿಸ್ತೀರ್ಣದಿಂದ (ಚದರ ಸೆಂ.ಮೀ.) ಭಾಗಿಸಿ 10ರಿಂದ ಗುಣಿಸಿದ್ರೆ ಮಿ.ಮೀ. ಸಿಗುತ್ತೆ. 10 ಸೆಂ.ಮೀ. ಅಗಲದ ಲಾಳಿಕೆಗೆ ವಿಸ್ತೀರ್ಣ 78.5. ಅಂದ್ರೆ 100 ಮಿ.ಲೀ. ಸಿಕ್ಕಿದ್ರೆ ಮಳೆ 12.7 ಮಿ.ಮೀ. ಗೋಡೆ, ಮರದ ಎತ್ತರದ ಎರಡರಷ್ಟು ದೂರದಲ್ಲಿಡಿ. ಸೂರಿನ ನೀರು ಸಿಡಿಯೋ ಕಡೆ ಬೇಡ. ದಿನಾ ಒಂದೇ ಹೊತ್ತಿಗೆ, ಬೆಳಿಗ್ಗೆ. ಜಾಡಿಯನ್ನ ಕಣ್ಣಮಟ್ಟಕ್ಕೆ ಹಿಡಿದು, ನೀರಿನ ಮೇಲ್ಮೈ ಬಾಗಿರುತ್ತಲ್ಲ, ಅದರ ತಳ ಓದಿ. ಬಗ್ಗೋಕಾಗದವರು ಕಂಬಕ್ಕೆ ಎದೆಮಟ್ಟದಲ್ಲಿ ಕಟ್ಟಬಹುದು, ಲಾಳಿಕೆ ಬಾಯಿ ಕಂಬದ ತುದಿಗಿಂತ ಮೇಲಿರಲಿ.

ಮಳೆ ಬರದ ದಿನ ಸೊನ್ನೆ ಬರೀಬೇಕು. ಇದನ್ನೇ ಜನ ಬಿಡೋದು. "ಏನೂ ಬಂದಿಲ್ಲ, ಬರೆಯೋದೇನು?" ಅಂತ. ಬರಗಾಲದ ಲೆಕ್ಕ ನಿಂತಿರೋದೇ ಆ ಸೊನ್ನೆಗಳ ಮೇಲೆ.

ಸಂಜೆಬಿಸಿಲು
ಈ ಸೊನ್ನೆ ಮಾತು ಮನಸ್ಸಿಗೆ ನಾಟಿತು. ಕಾಯಿಲೆ ಆಗಿ ನಾಲ್ಕು ದಿನ ಅಳೆಯೋಕಾಗದಿದ್ರೆ ಅಲ್ಲೂ ಸೊನ್ನೇನಾ?

ಮಳೆಲೆಕ್ಕ
ಖಂಡಿತ ಬೇಡ! ಸೊನ್ನೆ ಅಂದ್ರೆ ನೋಡಿದ್ದೀನಿ, ಮಳೆ ಇಲ್ಲ ಅಂತ. ನೋಡದ ದಿನಕ್ಕೆ ಅಡ್ಡಗೆರೆ. ಐದನೇ ದಿನ ಸಿಕ್ಕ ನೀರನ್ನ "ಐದು ದಿನದ ಒಟ್ಟು" ಅಂತ ಬರೀರಿ, ಅಂದಾಜಿನಲ್ಲಿ ದಿನಕ್ಕಿಷ್ಟು ಅಂತ ಹಂಚಬೇಡಿ. ಅಡ್ಡಗೆರೆ ಇದ್ರೆ ಪುಸ್ತಕ ಕೆಡಲ್ಲ, ಸುಳ್ಳು ಸೊನ್ನೆ ಇದ್ರೆ ಹತ್ತು ವರ್ಷದ ಲೆಕ್ಕವೂ ಕೆಡುತ್ತೆ. ಹೇಗೂ ಪಕ್ಕದ ಮನೆಯ ಒಬ್ಬರಿಗೆ ಅಳೆಯೋದು ತೋರಿಸಿಟ್ಟಿರಿ.

ನಿಧಾನಿ
ಹಾಸಿಗೆ ಹಿಡಿದವರ ಪ್ರಶ್ನೆ ಇನ್ನೂ ಹಾಗೇ ಉಳೀತು ನೋಡಿ.

ಹಳೇಆಲ್ಬಮ್
ಉಳಿದಿಲ್ಲ. ಹೆಸರು ಹೇಳೋಕೆ ಎದ್ದು ಕೂರಬೇಕಿಲ್ಲ. ಮಲಗಿದ ಕಡೆಯೇ ಫೋಟೋ ಹಿಡಿದು ತೋರಿಸೋರು ಒಬ್ಬರಿದ್ರೆ ಆಯ್ತು. ಹೊತ್ತು ಮಾತ್ರ ಅವರು ಹೇಳಿದ್ದಾಗಿರಲಿ, ಸುಸ್ತಾದ್ರೆ ಐದು ಫೋಟೋಗೇ ನಿಲ್ಲಿಸಿ. "ಇದು ಇಂಥವರೇ ಅಲ್ವಾ?" ಅಂತ ಹೆಸರು ಬಾಯಿಗೆ ಹಾಕಬೇಡಿ, "ಇವರು ಯಾರು?" ಅಂತಲೇ ಕೇಳಿ. ಮೊದಲನೇ ಥರ ಕೇಳಿದ್ರೆ ದಣಿದವರು ಹೂಂ ಅಂದುಬಿಡ್ತಾರೆ, ತಪ್ಪು ಹೆಸರು ಶಾಶ್ವತವಾಗಿ ಉಳಿಯುತ್ತೆ.

ನಿಧಾನಿ
ಇದು ಆಗೋ ಮಾತು. ಥ್ಯಾಂಕ್ಸ್ ಸರ್.

ಕೈಗನ್ನಡಿ
ಮಳೆಲೆಕ್ಕ ಅಣ್ಣ, ಲಾಳಿಕೆ ಅಗಲ ಒಳಗಿನ ಅಂಚಿಂದ ಹಿಡೀಬೇಕಾ, ಹೊರಗಿನ ಅಂಚಿಂದಾನಾ?

ಮಳೆಲೆಕ್ಕ
ಒಳಗಿಂದ ಒಳಕ್ಕೆ. ಪ್ಲಾಸ್ಟಿಕ್ ಲಾಳಿಕೆ ಪೂರ್ತಿ ದುಂಡಗಿರಲ್ಲ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆದು ಸರಾಸರಿ ತಗೊಳ್ಳಿ. ಅದರ ಅರ್ಧವನ್ನ ಅರ್ಧದಿಂದಲೇ ಗುಣಿಸಿ, ಮತ್ತೆ 3.14ರಿಂದ ಗುಣಿಸಿದ್ರೆ ವಿಸ್ತೀರ್ಣ. ಆ ಸಂಖ್ಯೆಯನ್ನ ಬಾಟಲಿ ಮೇಲೆ ಅಳಿಸದ ಶಾಯಿಯಲ್ಲಿ ಬರೆದಿಡಿ. ನಾಳೆ ಬೇರೆಯವರು ಅಳೆದ್ರೂ ಲೆಕ್ಕ ತಪ್ಪಲ್ಲ.